ದ್ವಿಭಾಷಾ ನಾಡಿನಲ್ಲಿ ವಾರ್ತೆಯ ನುಡಿ

ಎರಡು ಭಾಷೆಗಳು ನೆಲೆಸಿದ ನಾಡಿನಲ್ಲಿ ವಾರ್ತೆಯೊಡನೆ ಒಂದು ಪ್ರಶ್ನೆಯೂ ಹುಟ್ಟುತ್ತದೆ: ಇದನ್ನು ಯಾವ ನುಡಿಯಲ್ಲಿ ಸಾರಬೇಕು? ಕೆನಡಾ ದೇಶದಲ್ಲಿ 1936ರಲ್ಲಿ ಸ್ಥಾಪಿತವಾದ ಸಾರ್ವಜನಿಕ ಬಾನುಲಿ ಸಂಸ್ಥೆಯು ಇಂಗ್ಲಿಷ್, ಫ್ರೆಂಚ್ ಎರಡರಲ್ಲಿಯೂ ಪ್ರಸಾರ ಕೈಕೊಂಡು ಇದಕ್ಕೆ ಉತ್ತರವಿತ್ತಿತು. ಆದರೆ ಅದಕ್ಕಿಂತ ಬಹು ಪೂರ್ವದಲ್ಲಿಯೇ ಬಾದಾಮಿಯ ಬಂಡೆಗಳು ಈ ಪ್ರಶ್ನೆಗೆ ಮುಖಾಮುಖಿಯಾಗಿದ್ದವು.

ಬಾದಾಮಿಯ ಮೂರನೆಯ ಗುಹೆಯ ಪರಿಸರದಲ್ಲಿ ಚಾಲುಕ್ಯ ಮಂಗಳೇಶನ ಎರಡು ಶಾಸನಗಳಿವೆ. ಕ್ರಿ.ಶ. 578ರ ಸಂಸ್ಕೃತ ಶಾಸನದಲ್ಲಿ ರಾಜವಂಶದ ಹಿರಿಮೆ, ಕಾಲನಿರ್ದೇಶ, ದೇವಾಲಯದ ವರ್ಣನೆ ಇವೆ. ಕನ್ನಡ ಶಾಸನವೋ ಮಿತವಾದುದು. ಕಲ್ಮನೆಗೆ ಬಿಟ್ಟ ದತ್ತಿ, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಸಲ್ಲಬೇಕಾದ ಪಾಲು, ದತ್ತಿಯನ್ನು ಅಳಿಪಿದವನಿಗೆ ತಟ್ಟುವ ಪಾಪ, ಇಷ್ಟೇ ಅದರ ವಿಷಯ. ಮಾಲೆಗಾರನ ಪಾಲು ಮಾಲೆಗಾರನ ನುಡಿಯಲ್ಲಿಯೇ ದಾಖಲಾಯಿತು. ಓದಬಲ್ಲವನೊಬ್ಬನು ಓದಿದರೆ ಕೇಳಿದವರೆಲ್ಲರಿಗೂ ಅದು ತಿಳಿಯುವಂತಿತ್ತು.

ಈ ವಿವೇಕವು ಮುಂದೆ ಎಲ್ಲ ಕಾಲದಲ್ಲಿಯೂ ಉಳಿಯಲಿಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಬಳಿಕ ಈ ಸೀಮೆಯು ಮುಂಬಯಿ ಆಡಳಿತಕ್ಕೆ ಸೇರಿತು. ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯಿತು. ಮುಧೋಳ, ಜಮಖಂಡಿಗಳು 1948ರವರೆಗೆ ಮರಾಠಾ ಮನೆತನಗಳ ಸಂಸ್ಥಾನಗಳಾಗಿದ್ದವು. ಮನೆಯಲ್ಲಿ ಕನ್ನಡವಾಡುವ ಬಾಲಕನು ಮರಾಠಿಯಲ್ಲಿ ಅಕ್ಷರ ಕಲಿತನು. ಅಂಥವನು ಬೆಳೆದು ಪತ್ರಿಕೆ ಕೈಗೆತ್ತಿಕೊಂಡರೆ ಅದೂ ಮರಾಠಿಯದೇ ಆಗುವುದು ಸಹಜ. ಮಂಗಳೂರಿನಲ್ಲಿ 1843ರಷ್ಟು ಹಿಂದೆಯೇ ‘ಮಂಗಳೂರ ಸಮಾಚಾರ’ ಹೊರಟಿದ್ದರೂ ಇಲ್ಲಿ ಕನ್ನಡದ ಓದುಗನನ್ನೇ ಮೊದಲು ನಿರ್ಮಿಸಬೇಕಾಗಿತ್ತು.

ಆ ಕಾರ್ಯಕ್ಕೆ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳ ಮೂಲಕ ಅಡಿಪಾಯ ಹಾಕಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ‘ವಾಗ್ಭೂಷಣ’ವು ಅದರ ಮುಖವಾಣಿಯಾಯಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಓಲೆಗರಿಗಳಲ್ಲಿ ಅಡಗಿದ್ದ ವಚನಗಳು ಅಚ್ಚಿನಲ್ಲಿ ಮನೆಮನೆಯನ್ನು ಸೇರತೊಡಗಿದವು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಅಕ್ಷರವರಿಯದ ಒಕ್ಕಲಿಗನ ಕಿವಿಗೂ ಅವನ ನುಡಿಯಲ್ಲಿಯೇ ವಾರ್ತೆ ಮುಟ್ಟಿತು.

ಇದರಿಂದ ಮರಾಠಿಯನ್ನು ಹಗೆಯೆಂದು ಭಾವಿಸುವುದು ಸಲ್ಲದು. 1881ರಲ್ಲಿ ಪುಣೆಯಲ್ಲಿ ಹುಟ್ಟಿದ ‘ಕೇಸರಿ’ಯ ಧೀರ ಬರವಣಿಗೆಯು ಕನ್ನಡಿಗರಿಗೂ ಸ್ಫೂರ್ತಿಯಿತ್ತಿತು. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರೇ. ಎರಡನೆಯ ಭಾಷೆಯು ಕಿಟಕಿಯಾದರೆ ಮನೆಗೆ ಬೆಳಕು. ಬಾಗಿಲಿಗೇ ಅಡ್ಡ ನಿಂತರೆ ಒಳಗಿನವರಿಗೆ ಸೆರೆ.

ಇಂದು ಮರಾಠಿಯ ಆ ಸ್ಥಾನಕ್ಕೆ ಇಂಗ್ಲಿಷ್ ಬಂದಿದೆ. ಅಂಗೈಯಲ್ಲಿನ ಮೊಬೈಲಿಗೆ ಲೋಕದ ಸುದ್ದಿಯೆಲ್ಲ ಬರುತ್ತದೆ. ಆದರೆ ಸಾಲದ ಕರಾರು, ವಿಮೆಯ ನಿಯಮಗಳು ನೇಕಾರನಿಗೆ, ರೈತನಿಗೆ ಎಷ್ಟರ ಮಟ್ಟಿಗೆ ಅರ್ಥವಾಗುತ್ತವೆ? ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ನೋಟೀಸಿನ ಒಂದೊಂದು ಮಾತಿನ ತೂಕವೂ ಗೊತ್ತು. ಅರ್ಥವಾಗದ ಕಾಗದಕ್ಕೆ ರುಜು ಹಾಕಿದವನು ತನ್ನ ಪಾಲನ್ನೇ ಕಳೆದುಕೊಳ್ಳಬಹುದು.

ಆದುದರಿಂದ ಶಾಲೆಯ ಕರ್ತವ್ಯವು ಎರಡು ಬಗೆಯದು. ವಿದ್ಯಾರ್ಥಿಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು. ಓದಿದುದನ್ನು ತಿಳಿಗನ್ನಡದಲ್ಲಿ ಹೇಳುವುದನ್ನು ಅದಕ್ಕಿಂತಲೂ ಚೆನ್ನಾಗಿ ಕಲಿಸಬೇಕು. ವಾರಕ್ಕೊಮ್ಮೆ ಒಂದು ಪ್ರಕಟಣೆಯ ಸಾರವನ್ನು ಬರೆಯಿಸಿ, ಅದನ್ನು ಅವನು ತನ್ನ ಓಣಿಯ ಹಿರಿಯರಿಗೆ ಓದಿ ಹೇಳುವಂತೆ ಮಾಡಿದರೆ ಸಾಕು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಾಚನಾಲಯಕ್ಕೆ ಒಂದೊಂದು ಪತ್ರಿಕೆಯನ್ನು ತರಿಸಿಕೊಟ್ಟರೆ ಆ ಅಭ್ಯಾಸಕ್ಕೆ ಆಸರೆಯಾಗುತ್ತದೆ. ಬಾದಾಮಿಯ ಬಂಡೆಯು ಮಾಲೆಗಾರನಿಗೆ ಮಾಡಿದ ಉಪಕಾರವನ್ನು ಇಂದಿನ ವಿದ್ಯಾವಂತನು ತನ್ನ ಊರಿಗೆ ಮಾಡಲಿ. ಕಲಿತ ವಿದ್ಯೆಯು ಸಾರ್ಥಕವಾಗುವುದು ಅದರಿಂದಲೇ.