ಅರಸರು ಕ್ಯಾಮೆರಾದ ಮುಂದೆ ಕೂತ ಕಾಲ

ಪ್ರಶ್ನೆ: ಚೀನಾದ ರಾಜಮಾತೆ ಸಿಶಿ ಸಿಂಗರಿಸಿಕೊಂಡು ಕೂತು ತೆಗೆಸಿಕೊಂಡ ಹಳೆಯ ಫೋಟೊಗಳನ್ನು ಒಂದು ಪುಸ್ತಕದಲ್ಲಿ ನೋಡಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಆಳಿದವರ ಫೋಟೊ ಎಲ್ಲಾದರೂ ಇದೆಯೇ? ಮೈಸೂರು ಅರಸರೂ ಹೀಗೆ ತೆಗೆಸಿಕೊಳ್ಳುತ್ತಿದ್ದರೇ? ಆ ಕಾಲದ ಫೋಟೊಗಳಲ್ಲಿ ಯಾರ ಮುಖದಲ್ಲೂ ನಗು ಕಾಣುವುದಿಲ್ಲವಲ್ಲ, ಯಾಕೆ?
– ಓದುಗರೊಬ್ಬರು, ಮಧುಗಿರಿ

ಉತ್ತರ: ನಿಮ್ಮೂರಿನ ಪಾಳೆಯಗಾರರ ಫೋಟೊ ಇಲ್ಲ, ಇರಲು ಸಾಧ್ಯವೂ ಇಲ್ಲ. ಡಾಗೇರ್ ಎಂಬಾತನ ಫೋಟೊ ತೆಗೆಯುವ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ. ಮಧುಗಿರಿಯ ಪಾಳೆಯಗಾರರ ಆಳ್ವಿಕೆ ಅದಕ್ಕೂ ಬಹಳ ಮೊದಲೇ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮುಗಿದಿತ್ತು. ಮೊಘಲರ ಸುಬಾಕ್ಕೆ, ಅಂದರೆ ಪ್ರಾಂತಕ್ಕೆ, ರಾಜಧಾನಿಯಾಗಿದ್ದ ಶಿರಾ 1761ರಲ್ಲಿ ಹೈದರಾಲಿಯ ವಶವಾಯಿತು. ಪಾವಗಡ, ಕೊರಟಗೆರೆಗಳ ನಾಯಕರ ಗುರುತು ಉಳಿದಿರುವುದು ಬೆಟ್ಟದ ಮೇಲಿನ ಕೋಟೆಗಳಲ್ಲಿ. ಕ್ಯಾಮೆರಾ ನಮ್ಮ ನಾಡಿಗೆ ಬರುವ ಹೊತ್ತಿಗೆ ಈ ನಾಲ್ಕೂ ಊರುಗಳ ಜನಕ್ಕೆ ಅರಸರೆಂದರೆ ಮೈಸೂರಿನ ಒಡೆಯರು. ಅವರ ಫೋಟೊಗಳು ಮಾತ್ರ ಸಾಕಷ್ಟಿವೆ. ಚೀನಾದವರ ಫೋಟೊಗಳ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಅರ್ಥ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಮೊದಲು ಚೀನಾದ ಕಥೆ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಬೀಜಿಂಗಿಗೆ ನುಗ್ಗಿದಾಗ ಜೊತೆಯಲ್ಲಿದ್ದ ಛಾಯಾಗ್ರಾಹಕ ಫೆಲೀಚೆ ಬಿಯಾಟೊ ನಮ್ಮ ದೇಶದಿಂದಲೇ ಹೋದವನು. ಸಿಪಾಯಿ ದಂಗೆಯಲ್ಲಿ ಹಾಳಾದ ಲಖನೌ ನಗರವನ್ನು 1858ರಲ್ಲಿ ಚಿತ್ರೀಕರಿಸಿ, ಕಲ್ಕತ್ತೆಯಿಂದ ಸೈನ್ಯದ ಜೊತೆ ಚೀನಾಕ್ಕೆ ಹೊರಟಿದ್ದ. 1860ರ ಅಕ್ಟೋಬರ್ 24ರಂದು, ಸೋತ ಸಾಮ್ರಾಜ್ಯದ ಪರವಾಗಿ ಚಕ್ರವರ್ತಿಯ ತಮ್ಮ ರಾಜಕುಮಾರ ಗೊಂಗ್ ಒಪ್ಪಂದಕ್ಕೆ ಸಹಿ ಹಾಕಲು ಬಂದ. ಬಿಯಾಟೊ ತನ್ನ ದೊಡ್ಡ ಕ್ಯಾಮೆರಾವನ್ನು ಅವನತ್ತ ತಿರುಗಿಸಿದ. ಅದೇನೋ ಫಿರಂಗಿಯೆಂದು ರಾಜಕುಮಾರ ಬೆದರಿದನೆಂದು ಬ್ರಿಟಿಷ್ ದಂಡನಾಯಕ ಹೋಪ್ ಗ್ರಾಂಟ್ ಬರೆದಿದ್ದಾನೆ. ಬೆಳಕು ಸಾಲದೆ ಅಂದಿನ ಫೋಟೊ ಕೆಟ್ಟಿತು. ನವೆಂಬರ್ 2ರಂದು ಮತ್ತೆ ತೆಗೆದದ್ದು ಉಳಿದಿದೆ. ಅದರಲ್ಲಿ ಕೂತಿರುವವನು ಇಪ್ಪತ್ತೇಳರ ಯುವಕ, ಗೆದ್ದವರ ಕ್ಯಾಮೆರಾದ ಮುಂದೆ ಬಿಗಿದುಕೊಂಡು ಕೂತಿದ್ದಾನೆ.

ನಲವತ್ತು ವರ್ಷಗಳಲ್ಲಿ ಚಿತ್ರ ಪೂರ್ತಿ ಬದಲಾಯಿತು. ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯ ನಂತರ ರಾಜಮಾತೆ ಸಿಶಿಯ ಹೆಸರು ಪಾಶ್ಚಾತ್ಯರಲ್ಲಿ ಬಹಳ ಕೆಟ್ಟಿತ್ತು. ಆಗ ಆಕೆ ತಾನಾಗಿಯೇ ಕ್ಯಾಮೆರಾ ತರಿಸಿದಳು. ತಂದೆ ಪ್ಯಾರಿಸ್ಸಿನಲ್ಲಿ ಚೀನಾದ ರಾಯಭಾರಿಯಾಗಿದ್ದಾಗ ಫೋಟೊ ತೆಗೆಯುವುದನ್ನು ಕಲಿತುಬಂದ ಶುನ್‌ಲಿಂಗ್ 1903–04ರಲ್ಲಿ ಗಾಜಿನ ಪ್ಲೇಟುಗಳ ಮೇಲೆ ಆಕೆಯನ್ನು ಚಿತ್ರೀಕರಿಸಿದ. ರಾಜಮಾತೆಯ ಎದುರು ಎಲ್ಲರೂ ಮಂಡಿಯೂರಿಯೇ ಇರಬೇಕೆಂಬುದು ಅಲ್ಲಿನ ಕಟ್ಟಳೆ. ಮಂಡಿಯೂರಿದರೆ ಕ್ಯಾಮೆರಾ ಎಟಕುವುದಿಲ್ಲವಾದ್ದರಿಂದ ಅವನೊಬ್ಬನಿಗೆ ನಿಲ್ಲಲು ಅಪ್ಪಣೆ ಸಿಕ್ಕಿತೆಂದು ಅವನ ಸಹೋದರಿ ಡೆರ್ ಲಿಂಗ್ ಬರೆದಿದ್ದಾಳೆ. ಸಿಂಹಾಸನ, ಹಣ್ಣಿನ ತಟ್ಟೆಗಳು, ನವಿಲುಗರಿಯ ಬೀಸಣಿಗೆಗಳು, ತಲೆಯ ಮೇಲ್ಗಡೆ ಆಕೆಯ ಪೂರ್ತಿ ಬಿರುದಾವಳಿ ಬರೆದ ಫಲಕ, ಎಲ್ಲವನ್ನೂ ಅಳೆದು ಜೋಡಿಸಿದ್ದು ಕಾಣುತ್ತದೆ. ಮುಖದ ಸುಕ್ಕುಗಳನ್ನು ತಿದ್ದಿ ಅಳಿಸಿದ ಪ್ರತಿಗಳು ವಿದೇಶಿ ರಾಯಭಾರಿಗಳಿಗೆ ಉಡುಗೊರೆಯಾಗಿ ಹೋದವು.

ಈಗ ನಮ್ಮ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅರಸರೆಂಬ ಹೆಸರಿತ್ತು, ಅಧಿಕಾರವಿರಲಿಲ್ಲ. ಆ ಮೂವತ್ತೇಳು ವರ್ಷಗಳಲ್ಲಿ ರಾಜ್ಯವನ್ನು ಮರಳಿ ಪಡೆಯಲು ಪತ್ರದ ಮೇಲೆ ಪತ್ರ ಬರೆದರು. ಜೊತೆಗೆ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ತಮ್ಮ ವಂಶವನ್ನೂ ದರ್ಬಾರನ್ನೂ ಬರೆಸಿದರು. ಅವರ ಮುಪ್ಪಿನ ಕಾಲದ ಫೋಟೊಗಳೂ ಉಳಿದಿವೆ. ಅಧಿಕಾರ ಕೈಬಿಟ್ಟ ಮೇಲೂ ತಾನು ಅರಸನೇ ಎಂದು ಸಾರಿ ಹೇಳುವ ಹಂಬಲ ಆ ಗೋಡೆಚಿತ್ರಗಳಲ್ಲಿದೆ. ಫೋಟೊಗಳನ್ನೂ ನಾನು ಹಾಗೆಯೇ ಓದುತ್ತೇನೆ.

ಅವರ ದತ್ತುಪುತ್ರ ಹತ್ತನೆಯ ಚಾಮರಾಜ ಒಡೆಯರು ಪಟ್ಟಕ್ಕೆ ಬಂದಾಗ ಐದು ವರ್ಷದ ಮಗು. ಅವರು ಬೆಳೆದದ್ದೇ ಕ್ಯಾಮೆರಾದ ಮುಂದೆ ಎನ್ನಬಹುದು. 1877ರ ಜನವರಿ 1ರ ದೆಹಲಿ ದರ್ಬಾರಿಗೆ ಹೋದ ಬಾಲರಾಜರಲ್ಲಿ ಅವರೂ ಒಬ್ಬರು. ಆ ಸಮಾರಂಭವನ್ನು ಬೋರ್ನ್ ಅಂಡ್ ಶೆಫರ್ಡ್ ಕಂಪನಿ ಚಿತ್ರೀಕರಿಸಿತು. 1881ರಲ್ಲಿ ರಾಜ್ಯ ಮರಳಿ ಕೈಗೆ ಬಂತು. 1885ರಲ್ಲಿ ಅವರು ರಾಜಾ ರವಿವರ್ಮನನ್ನು ಮೈಸೂರಿಗೆ ಕರೆಸಿ ಕುಟುಂಬದವರ ತೈಲಚಿತ್ರ ಬರೆಸಿದರು. ಭಾವಚಿತ್ರ ಬರೆಯುವಾಗ ಫೋಟೊಗಳನ್ನು ಎದುರಿಗಿಟ್ಟುಕೊಳ್ಳುವುದು ರವಿವರ್ಮನ ರೂಢಿಯಾಗಿತ್ತು. 1894ರಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಮಗನ ಪರವಾಗಿ 1902ರವರೆಗೆ ರಾಜ್ಯ ನಡೆಸಿದವರು ವಾಣಿವಿಲಾಸ ಸನ್ನಿಧಾನ, ಅಂದರೆ ಕೆಂಪನಂಜಮ್ಮಣ್ಣಿಯವರು. ಬೀಜಿಂಗಿನಲ್ಲಿ ಸಿಶಿ ಕ್ಯಾಮೆರಾದ ಮುಂದೆ ಕೂರುವ ಹೊತ್ತಿಗೆ ಮೈಸೂರಿನಲ್ಲೂ ಒಬ್ಬ ವಿಧವೆ ರಾಣಿ ಮಗನ ಹೆಸರಿನಲ್ಲಿ ರಾಜ್ಯಭಾರ ಮಾಡಿ ಮುಗಿಸಿದ್ದರು. ಅವರ ಫೋಟೊಗಳಲ್ಲಿ ಬಿರುದಿನ ಫಲಕವಿಲ್ಲ, ನವಿಲುಗರಿಯಿಲ್ಲ. ನೋಡುವವರ ಕಣ್ಣು ನೇರವಾಗಿ ಮುಖಕ್ಕೇ ಹೋಗುತ್ತದೆ.

ನಗುವಿನ ವಿಚಾರ. ಆಗಿನ ಒದ್ದೆ ಪ್ಲೇಟಿನ ವಿಧಾನದಲ್ಲಿ ಗಾಜಿನ ಮೇಲೆ ಕೊಲೊಡಿಯನ್ ಹರಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಕೂತವರು ಹಲವು ಸೆಕೆಂಡು ಅಲುಗಾಡುವಂತಿರಲಿಲ್ಲ. ತಲೆ ಅಲುಗದಿರಲೆಂದು ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದಿಡಲು ಯಾರಿಂದಾದೀತು? ಮೇಲಾಗಿ ದರ್ಬಾರಿನಲ್ಲಿ ಗಾಂಭೀರ್ಯವೇ ಅರಸರಿಗೆ ಶೋಭೆ. 1880ರ ಸುಮಾರಿಗೆ ಒಣ ಪ್ಲೇಟು ಬಂದು ಕಾಯುವ ಹೊತ್ತು ಕಡಿಮೆಯಾದರೂ ಗಂಭೀರವಾಗಿ ಕೂರುವ ರೂಢಿ ಹಾಗೇ ಉಳಿಯಿತು.

ಇನ್ನೊಂದನ್ನೂ ಗಮನಿಸಿ. ಆ ಪ್ಲೇಟುಗಳು ನೀಲಿ ಬಣ್ಣಕ್ಕೆ ಬೇಗ ಸ್ಪಂದಿಸುತ್ತಿದ್ದವು, ಕೆಂಪು ಅವುಗಳಿಗೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಹಳೆಯ ಫೋಟೊಗಳಲ್ಲಿ ಹಣೆಯ ಕುಂಕುಮ ಕಪ್ಪಗೆ, ತಿಳಿನೀಲಿ ಸೀರೆ ಬೆಳ್ಳಗೆ, ಕೆಂಪು ಪೇಟ ಕಡುಗಪ್ಪಗೆ ಕಾಣುತ್ತದೆ. ಕಪ್ಪು ಸೀರೆ ಉಟ್ಟಿದ್ದಾರೆಂದು ನೀವು ಅಂದುಕೊಂಡ ಮುತ್ತಜ್ಜಿ ಮದುವೆಯ ಕೆಂಪು ಸೀರೆಯನ್ನೇ ಉಟ್ಟಿದ್ದಿರಬಹುದು.

ಸೋತವನ ಮೇಲೆ ಹೇರಿದ ಫೋಟೊ ಒಂದು ಬಗೆ, ಆಳುವವರು ತಾವೇ ಬಯಸಿ ತೆಗೆಸಿಕೊಂಡದ್ದು ಇನ್ನೊಂದು ಬಗೆ. ಗೊಂಗ್‌ನಿಂದ ಸಿಶಿಯವರೆಗಿನ ದಾರಿ ಅದೇ. ಅಧಿಕಾರಕ್ಕೆ ಪೆಟ್ಟು ಬಿದ್ದಾಗಲೇ ಚಿತ್ರದ ಮೇಲೆ ಅರಸರ ಗಮನ ಹೆಚ್ಚಾದದ್ದನ್ನು ಬೀಜಿಂಗ್, ಮೈಸೂರು ಎರಡೂ ಕಡೆ ಕಾಣುತ್ತೇವೆ. ಆದ್ದರಿಂದ ಅರಸರ ಫೋಟೊ ನೋಡುವಾಗ ಮುಖ ಹೇಗಿದೆ ಎಂಬುದರ ಜೊತೆಗೆ ಯಾರಿಗೆ ತೋರಿಸಲು ತೆಗೆಸಿದ್ದು ಎಂದೂ ಕೇಳಿಕೊಳ್ಳಬೇಕು. ಮೈಸೂರಿಗೆ ಹೋದಾಗ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳನ್ನು ನಿಧಾನವಾಗಿ ನೋಡಿ. ಅಲ್ಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಫೋಟೊಗಳ ಆಧಾರದ ಮೇಲೆ ಬರೆಯಲಾಗಿದೆ. ಗುಂಪಿನಲ್ಲಿ ನಡೆಯುವವರಿಗೂ ಅವರವರದೇ ಮುಖವಿದೆ.

ಕೊನೆಗೆ ನಿಮ್ಮ ನಾಲ್ಕೂ ತಾಲೂಕುಗಳ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಪಾಳೆಯಗಾರರ ಮುಖ ನಮಗೆ ದಕ್ಕಲಿಲ್ಲ. ನಿಮ್ಮ ಮುತ್ತಜ್ಜ ಮುತ್ತಜ್ಜಿಯರ ಮುಖ ಪಡಸಾಲೆಯ ಗೋಡೆಯ ಮೇಲೋ ಟ್ರಂಕಿನ ತಳದಲ್ಲೋ ಇನ್ನೂ ಇದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬೊಬ್ಬರ ಹೆಸರು, ಊರು, ಅಂದಾಜು ವರ್ಷವನ್ನು ಕೇಳಿ, ಫೋಟೊದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಸ್ಟುಡಿಯೊದ ಮುದ್ರೆಯಿರುವ ರಟ್ಟನ್ನು ಕಿತ್ತೆಸೆಯಬೇಡಿ. ಎಲ್ಲಿ ತೆಗೆಸಿದ್ದು ಎಂಬುದಕ್ಕೆ ಅದೇ ಸಾಕ್ಷಿ. ಮೊಬೈಲಿನಲ್ಲಿ ಒಂದು ಪ್ರತಿ ತೆಗೆದು ನೆಂಟರಿಗೆಲ್ಲ ಕಳಿಸಿ. ಹೆಸರು ಹೇಳಬಲ್ಲವರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.