ಕಾಮನಬಿಲ್ಲು ಮೂಡುವ ಬಗೆ

ಗುಜರಾತಿನ ವಡೋದರಾ ನಗರದ ಸಮೀಪದಲ್ಲಿರುವ ಕೊಯಾಲಿಯು 1965ರಲ್ಲಿ ಕಾರ್ಯಾರಂಭ ಮಾಡಿದ ತೈಲ ಶುದ್ಧೀಕರಣಾಗಾರದಿಂದ ದೇಶದಲ್ಲೆಲ್ಲ ಪರಿಚಿತವಾದ ಊರು. ಮಳೆಗಾಲದ ಸಂಜೆ ಮೋಡ ಸರಿದು ಬಿಸಿಲು ಹೊಮ್ಮಿದಾಗ ಇಲ್ಲಿಯ ಪೂರ್ವದ ಆಕಾಶದಲ್ಲಿ ಬಣ್ಣದ ಬಿಲ್ಲೊಂದು ಮೂಡುವುದುಂಟು. ಸ್ಥಳೀಯರು ಅದನ್ನು ಮೇಘಧನುಷ್ ಎನ್ನುತ್ತಾರೆ. ಕನ್ನಡಿಗರಿಗೆ ಅದು ಕಾಮನಬಿಲ್ಲು ಅಥವಾ ಮಳೆಬಿಲ್ಲು. ಈ ಬಿಲ್ಲು ಎಲ್ಲಿದೆ? ನಡೆದುಹೋದರೆ ಅದರ ಬುಡವನ್ನು ಮುಟ್ಟಬಹುದೆ? ಮಕ್ಕಳು ಕೇಳುವ ಈ ಪ್ರಶ್ನೆಯಲ್ಲಿಯೇ ಕಾಮನಬಿಲ್ಲಿನ ವಿಜ್ಞಾನವೆಲ್ಲ ಅಡಗಿದೆ.

ಹನಿಯೊಳಗೆ ಬೆಳಕಿನ ಹಾದಿ

ಬಿಳಿಯಾಗಿ ಕಾಣುವ ಸೂರ್ಯನ ಬೆಳಕು ಹಲವು ಬಣ್ಣಗಳ ಮಿಶ್ರಣ. ಅದು ಮಳೆಹನಿಯನ್ನು ಪ್ರವೇಶಿಸುವಾಗ ತನ್ನ ದಾರಿಯಿಂದ ಬಾಗುತ್ತದೆ. ಇದಕ್ಕೆ ವಕ್ರೀಭವನವೆಂದು ಹೆಸರು. ಕೆಂಪು ಬೆಳಕು ಕಡಿಮೆ ಬಾಗುತ್ತದೆ, ನೇರಳೆ ಬೆಳಕು ಹೆಚ್ಚು ಬಾಗುತ್ತದೆ. ಆದುದರಿಂದ ಬಣ್ಣಗಳು ಪರಸ್ಪರ ಅಗಲುತ್ತವೆ. ಅನಂತರ ಬೆಳಕಿನ ಒಂದು ಭಾಗವು ಹನಿಯ ಹಿಂಬದಿಯಲ್ಲಿ ಪ್ರತಿಫಲನಗೊಂಡು, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ. ಇಲ್ಲಿ ಆಗುವುದು ಪೂರ್ಣ ಆಂತರಿಕ ಪ್ರತಿಫಲನವೆಂಬ ಭಾವನೆ ಕೆಲವರಲ್ಲಿದೆ, ಅದು ಸರಿಯಲ್ಲ. ಬೆಳಕಿನ ಹೆಚ್ಚಿನ ಪಾಲು ಹಿಂಬದಿಯಿಂದ ಹೊರಗೆ ಹೋಗಿಬಿಡುತ್ತದೆ. ಹಿಂತಿರುಗುವ ಅಲ್ಪ ಪಾಲೇ ನಮಗೆ ಬಿಲ್ಲಾಗಿ ಕಾಣುವುದು.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿಯೇ ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ ಮತ್ತು ಜರ್ಮನಿಯ ಥಿಯೊಡೊರಿಕ್ ಎಂಬ ವಿದ್ವಾಂಸರು ನೀರು ತುಂಬಿದ ಗಾಜಿನ ಗೋಳವನ್ನು ದೊಡ್ಡದೊಂದು ಮಳೆಹನಿಯೆಂದು ಭಾವಿಸಿ, ಒಬ್ಬರನ್ನೊಬ್ಬರು ಅರಿಯದೆಯೇ, ಈ ಹಾದಿಯನ್ನು ಕಂಡುಕೊಂಡರು.

ನಲವತ್ತೆರಡು ಡಿಗ್ರಿಯ ಮಹತ್ವ

ಹನಿಯ ಬೇರೆ ಬೇರೆ ಭಾಗಗಳಿಗೆ ತಾಗಿದ ಕಿರಣಗಳು ಬೇರೆ ಬೇರೆ ಕೋನಗಳಲ್ಲಿ ಹಿಂತಿರುಗುತ್ತವೆ. ನಡುವಿಗೆ ತಾಗಿದ ಕಿರಣ ನೇರವಾಗಿ ಹಿಂತಿರುಗುತ್ತದೆ. ಅಂಚಿನ ಕಡೆಗೆ ಸಾಗಿದಂತೆ ಈ ಕೋನ ಬೆಳೆದು, ಸುಮಾರು 42 ಡಿಗ್ರಿಯನ್ನು ಮುಟ್ಟಿ, ಬಳಿಕ ಕಡಿಮೆಯಾಗುತ್ತದೆ. ಈ ತಿರುವಿನ ಬಳಿ ಅನೇಕ ಕಿರಣಗಳು ಒತ್ತಾಗಿ ಸೇರುವುದರಿಂದ ಅಲ್ಲಿ ಬೆಳಕು ಪ್ರಖರವಾಗಿರುತ್ತದೆ. ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದನು. ಬಣ್ಣಗಳು ಬೇರ್ಪಡುವ ಕಾರಣವನ್ನು ನ್ಯೂಟನ್ 1704ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಕೆಂಪಿಗೆ ಈ ಕೋನ ಸುಮಾರು 42 ಡಿಗ್ರಿ, ನೇರಳೆಗೆ ಸುಮಾರು 40 ಡಿಗ್ರಿ. ಆದುದರಿಂದಲೇ ಬಿಲ್ಲಿನ ಹೊರ ಅಂಚು ಕೆಂಪು, ಒಳ ಅಂಚು ನೇರಳೆ.

ಕೆಲವೊಮ್ಮೆ ಮೇಲ್ಗಡೆ ಮಸುಕಾದ ಇನ್ನೊಂದು ಬಿಲ್ಲು ಕಾಣುತ್ತದೆ. ಹನಿಯೊಳಗೆ ಎರಡು ಬಾರಿ ಪ್ರತಿಫಲನಗೊಂಡ ಬೆಳಕಿನಿಂದ ಅದು ಮೂಡುತ್ತದೆ. ಅದರಲ್ಲಿ ಬಣ್ಣಗಳ ಕ್ರಮ ತಿರುವುಮುರುವಾಗಿರುತ್ತದೆ.

ನೋಡುವ ಹೊತ್ತು ಮತ್ತು ದಿಕ್ಕು

ಸೂರ್ಯನು ಬೆನ್ನ ಹಿಂದಿದ್ದು, ಮುಂದೆ ಮಳೆ ಬೀಳುತ್ತಿರಬೇಕು. ಆಗ ನಮ್ಮ ತಲೆಯ ನೆರಳಿನ ದಿಕ್ಕೇ ಬಿಲ್ಲಿನ ಕೇಂದ್ರ. ಸೂರ್ಯನು ಏರಿದಷ್ಟೂ ಬಿಲ್ಲು ಇಳಿಯುತ್ತದೆ. ಸೂರ್ಯನು 42 ಡಿಗ್ರಿಗಿಂತ ಮೇಲೇರಿದರೆ ಬಯಲಿನಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣಿಸದು. ಕೊಯಾಲಿಯಲ್ಲಿ ಜುಲೈ ಆರಂಭದ ಮಧ್ಯಾಹ್ನ ಸೂರ್ಯನು ಬಹುತೇಕ ನೆತ್ತಿಯ ಮೇಲಿರುತ್ತಾನೆ. ಆ ದಿನಗಳಲ್ಲಿ ಬೆಳಿಗ್ಗೆ ಸುಮಾರು ಒಂಬತ್ತೂಕಾಲರವರೆಗೆ ಪಶ್ಚಿಮದಲ್ಲಿ, ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಪೂರ್ವದಲ್ಲಿ ಬಿಲ್ಲನ್ನು ಅರಸಬೇಕು. ಕರ್ನಾಟಕದ ಜೋಗ ಜಲಪಾತದಂತಹ ಎಡೆಗಳಲ್ಲಿ ಎತ್ತರದಿಂದ ಕೆಳಗಿನ ತುಂತುರನ್ನು ನೋಡುವವರಿಗೆ ಮಾತ್ರ ಸೂರ್ಯನು ಮೇಲಿದ್ದಾಗಲೂ ಬಿಲ್ಲು ಕಾಣಬಹುದು. ಬಿಲ್ಲಿನ ಪಕ್ಕದಲ್ಲಿಯೇ ಸೂರ್ಯನನ್ನು ಬಿಡಿಸಿದ ಚಿತ್ರಗಳು ಅಂದವಾಗಿದ್ದರೂ ನಿಸರ್ಗಕ್ಕೆ ಹೊಂದುವುದಿಲ್ಲ.

ಎಣ್ಣೆಯ ಬಣ್ಣ ಬೇರೆ

ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿಯೂ ಬಣ್ಣಗಳು ಮಿನುಗುತ್ತವೆ. ಇದು ಕಾಮನಬಿಲ್ಲಲ್ಲ. ತೆಳುವಾದ ಎಣ್ಣೆಯ ಪದರದ ಮೇಲ್ಮೈಯಿಂದಲೂ ಅಡಿಯಿಂದಲೂ ಮರಳಿದ ಬೆಳಕಿನ ಅಲೆಗಳು ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಪದರದ ದಪ್ಪ ಬದಲಾದಂತೆ ಬಣ್ಣವೂ ಬದಲಾಗುತ್ತದೆ.

ಬಿಲ್ಲನ್ನು ಮುಟ್ಟಬಹುದೆ?

ಒಂದು ಹನಿಯಿಂದ ನಮ್ಮ ಕಣ್ಣಿಗೆ ಒಂದು ಗಳಿಗೆಯಲ್ಲಿ ತಲುಪುವುದು ಬಹುಮಟ್ಟಿಗೆ ಒಂದೇ ಬಣ್ಣ. ಅದು ಕೆಳಗಿಳಿದೊಡನೆ ಅದರ ಸ್ಥಾನಕ್ಕೆ ಮತ್ತೊಂದು ಹನಿ ಬರುತ್ತದೆ. ನೋಡುವವನು ಒಂದು ಹೆಜ್ಜೆ ಸರಿದರೆ ಬೇರೆ ಹನಿಗಳು ಅವನಿಗಾಗಿ ಬಿಲ್ಲನ್ನು ರಚಿಸುತ್ತವೆ. ಆದುದರಿಂದ ಬಿಲ್ಲು ಒಂದು ವಸ್ತುವಲ್ಲ. ಸೂರ್ಯ, ಹನಿ ಮತ್ತು ಕಣ್ಣು ಇವುಗಳ ನಡುವಣ ಸಂಬಂಧ. ಅಕ್ಕಪಕ್ಕದಲ್ಲಿ ನಿಂತ ತಾಯಿ ಮತ್ತು ಮಗು ನೋಡುವುದು ಕೂಡ ಒಂದೇ ಬಿಲ್ಲನ್ನಲ್ಲ. ಅದರ ಬುಡವನ್ನು ಯಾರೂ ಮುಟ್ಟಲಾರರು. ಆದರೆ ಇಳಿಬಿಸಿಲಿಗೆ ಬೆನ್ನು ಮಾಡಿ ಗಿಡಗಳಿಗೆ ನೀರು ಚಿಮುಕಿಸುವ ಯಾರಾದರೂ ತಮ್ಮದೇ ಆದ ಪುಟ್ಟ ಬಿಲ್ಲೊಂದನ್ನು ಕಾಣಬಹುದು. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೇರವಾಗಿ ನೋಡಬಾರದು.