ಮಳೆಯ ಬೆಟ್ಟಗಳೂ ಒಣ ಬೆಟ್ಟಗಳೂ
(ಕನಕಪುರದ ಸೀಮೆಯನ್ನು ಕುರಿತ ಪಾಠ)

ದಕ್ಷಿಣ ಕನ್ನಡ ಸೀಮೆಗೆ ಹೋಗಿಬಂದವರು ಅಲ್ಲಿಯ ಬೆಟ್ಟಗಳ ಹಸುರನ್ನು ಹೊಗಳಿ, ನಮ್ಮ ಕನಕಪುರದ ಬೆಟ್ಟಗಳನ್ನು ಬೋಳು ಬಂಡೆಗಳೆಂದು ಹೇಳುವದುಂಟು. ಎರಡೂ ಬೆಟ್ಟದ ಸೀಮೆಗಳೇ. ಎರಡರಲ್ಲಿಯೂ ಒಕ್ಕಲು ಮಕ್ಕಳು ಇದ್ದಾರೆ. ಹೀಗಿರಲಾಗಿ ಇಷ್ಟು ಭೇದವು ಯಾಕೆ ಉಂಟಾಯಿತೆಂದು ನಾವು ಈ ಪಾಠದಲ್ಲಿ ವಿಚಾರಿಸೋಣ. ತಾನು ನಿಂತಿರುವ ನೆಲವನ್ನು ಅರಿಯದವನು ಅದನ್ನು ಕಾಯಲಾರನು.

1. ಮಳೆಯನ್ನು ಕುರಿತು.

ಜೂನ್ ತಿಂಗಳಲ್ಲಿ ನೈಋತ್ಯದ ಗಾಳಿಯು ಅರಬ್ಬೀ ಸಮುದ್ರದ ಆವಿಯನ್ನು ಹೊತ್ತುಕೊಂಡು ಬಂದು ಪಶ್ಚಿಮ ಘಟ್ಟಗಳಿಗೆ ತಾಗಿ ಮೇಲಕ್ಕೆ ಏರುವದು. ಏರಿದ ಗಾಳಿಯು ತಣ್ಣಗಾಗುವದು. ತಣ್ಣಗಾದ ಆವಿಯು ಹನಿಯಾಗಿ ಸುರಿಯುವದು. ಆದಕಾರಣ ಮಂಗಳೂರಿನಲ್ಲಿ ವರುಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಅಲ್ಲಿ ಬಯಲುಗಳಲ್ಲಿ ಭತ್ತವೂ ತೋಟಗಳಲ್ಲಿ ಅಡಿಕೆ ತೆಂಗುಗಳೂ ಬೆಳೆಯುವದು ಇದರಿಂದಲೇ. ಘಟ್ಟವನ್ನು ದಾಟಿ ಬರುವ ಗಾಳಿಯಾದರೋ ತನ್ನ ಹೊರೆಯನ್ನು ಬಹುಮಟ್ಟಿಗೆ ಇಳಿಸಿ ಬಂದಿರುವದು. ನಮ್ಮ ಸೀಮೆಗೆ ದೊರೆಯುವದು ವರುಷಕ್ಕೆ ಸುಮಾರು 800 ಮಿಲಿಮೀಟರು ಮಾತ್ರ. ಅದೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚು.

2. ಕಲ್ಲನ್ನೂ ಮಣ್ಣನ್ನೂ ಕುರಿತು.

ನಮ್ಮ ಬಂಡೆಗಳು ಸುಮಾರು 250 ಕೋಟಿ ವರುಷಗಳ ಹಿಂದೆ ಭೂಮಿಯ ಒಳಗೆ ಕರಗಿದ್ದ ಕಲ್ಲು ಆರಿ ಗಟ್ಟಿಯಾದದ್ದರಿಂದ ಉಂಟಾದವು. ರಾಮನಗರಕ್ಕೆ ಪೂರ್ವದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿದ್ದದರಿಂದ ಪಂಡಿತರು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಮಾಗಡಿಯ ಸಾವನದುರ್ಗವೂ ಇದೇ ಕಲ್ಲಿನದು. ಬಂಡೆಯು ನೀರನ್ನು ಕುಡಿಯುವದಿಲ್ಲ. ಬಿದ್ದ ಮಳೆಯು ಜಾರಿ ಇಳಿಯುವದು, ಇಳಿಯುವಾಗ ತೆಳುವಾದ ಕೆಂಪು ಮಣ್ಣನ್ನು ಕೊಚ್ಚಿಕೊಂಡು ಹೋಗುವದು. ಇದನ್ನು ಕಂಡೇ ನಮ್ಮ ಹಿರಿಯರು ಹೊಲಕ್ಕೆ ಬದುವನ್ನೂ ತಗ್ಗಿಗೆ ಕೆರೆಯನ್ನೂ ಕಟ್ಟಿದರು. ಬದು ಒಡೆದ ಹೊಲವು ಒಂದೇ ಜಡಿಮಳೆಯಲ್ಲಿ ಅನೇಕ ವರುಷಗಳ ಗೊಬ್ಬರವನ್ನು ಕಳೆದುಕೊಳ್ಳುವದು.

3. ಬೆಳೆಗಳನ್ನು ಕುರಿತು.

ಇಂಥ ನೆಲಕ್ಕೆ ರಾಗಿಯೇ ತಕ್ಕ ಧಾನ್ಯ. ಸ್ವಲ್ಪ ದಿವಸ ಮಳೆ ತಪ್ಪಿದರೂ ಅದು ಬಾಡಿ ನಿಂತು, ಹನಿ ಬಿದ್ದ ಕೂಡಲೇ ತಲೆಯೆತ್ತುವದು. ಚೆನ್ನಾಗಿ ಒಣಗಿಸಿದ ಕಾಳು ಹಗೇವಿನಲ್ಲಿ ವರುಷಗಟ್ಟಲೆ ಕೆಡದೆ ಇರುವದು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುವದು ಜ್ಞಾನವುಳ್ಳ ಪದ್ಧತಿಯೇ. ಒಂದು ಸೋತರೆ ಮತ್ತೊಂದು ಮನೆಯನ್ನು ನಡಿಸುವದು. ಅವರೆ ತೊಗರಿಗಳ ಬೇರುಗಳು ಮಣ್ಣಿಗೆ ಸಾರವನ್ನೂ ಕೊಡುವವು.

ಕೈಗೆ ಹಣ ಬರುವದು ರೇಷ್ಮೆಯಿಂದ. ಹುಳವು ನಾಲ್ಕು ಜ್ವರಗಳನ್ನು ಕಳೆದು, ಸುಮಾರು ಒಂದು ತಿಂಗಳೊಳಗೆ ಚಂದ್ರಿಕೆಗೆ ಏರಿ ಗೂಡು ಕಟ್ಟುವದು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವದು. ಆದರೆ ಹಿಪ್ಪುನೇರಳೆಗೆ ನೀರು ಬೇಕು. ಕಾಡಂಚಿನ ಊರುಗಳಲ್ಲಿಯಾದರೋ ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಇಳಿಯುವದರಿಂದ, ಒಕ್ಕಲಿಗನು ರಾತ್ರಿಯೆಲ್ಲಾ ಅಟ್ಟಣೆಯ ಮೇಲೆ ಎಚ್ಚರವಾಗಿರಬೇಕಾಗಿದೆ.

4. ಹೊಳೆಯನ್ನು ಕುರಿತು.

ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದ ಮಗ್ಗುಲಲ್ಲಿ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕಾವೇರಿಯು ಮೇಕೆದಾಟಿನ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುವದು. ಬೆಂಗಳೂರು ನಗರವು 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಈ ಹೊಳೆಯ ನೀರನ್ನೇ ಕುಡಿಯತೊಡಗಿತು. ಅದು ಸಾಲದೆ 1974ರಲ್ಲಿ ಕಾವೇರಿಯ ನೀರನ್ನು ಮೇಲೆತ್ತಿ ತರಲಾಯಿತು. ಆ ಕೊಳವೆಗಳು ನಮ್ಮ ಹಾರೋಹಳ್ಳಿಯ ಮಾರ್ಗವಾಗಿಯೇ ಹೋಗುವವು. ಹೀಗೆ ಒಳ್ಳೇ ನೀರು ನಮ್ಮನ್ನು ದಾಟಿ ಮೇಲಕ್ಕೆ ಹೋಗುತ್ತದೆ. ನಗರದ ಹೊಲಸೂ ಕಾರ್ಖಾನೆಗಳ ಕೊಳೆಯೂ ವೃಷಭಾವತಿಯ ಮೂಲಕ ಅರ್ಕಾವತಿಗೆ ಬಂದು, ನಮ್ಮ ಕಡೆಗೆ ಇಳಿಯುತ್ತದೆ.

ಇದು ಸಣ್ಣ ಸಂಗತಿಯಲ್ಲ. ಈ ನೀರು ಹೊಲವನ್ನು ಹಸುರಾಗಿ ತೋರಿಸಬಹುದು. ಆದರೆ ಹಸುರೆಲ್ಲವೂ ಆರೋಗ್ಯವಲ್ಲ. ಕುದಿಸಿದರೆ ಕ್ರಿಮಿಗಳು ಸಾಯುವವು. ಕಾರ್ಖಾನೆಯ ಲೋಹವಿಷವು ಕುದಿಸಿದರೂ ಹೋಗದು. ಆದಕಾರಣ ಹೊಳೆಯ ನೀರನ್ನೂ, ಪರೀಕ್ಷೆಯಾಗದ ಹೊಳೆಯಂಚಿನ ಬಾವಿಯ ನೀರನ್ನೂ ಮಕ್ಕಳಿಗೆ ಕುಡಿಯಕೊಡಬಾರದು. ನೀರಿನ ಪರೀಕ್ಷೆಯನ್ನು ಪಂಚಾಯಿತಿಯಲ್ಲಿ ಒಬ್ಬೊಬ್ಬರಾಗಿ ಅಲ್ಲ, ಊರೆಲ್ಲಾ ಕೂಡಿ ಬರಹದ ಮೂಲಕ ಕೇಳಬೇಕು. ಒಡೆದ ಬದುವನ್ನು ಮಳೆಗೆ ಮೊದಲೇ ಕಟ್ಟಬೇಕು. ಬೇಸಿಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಹೊಲಕ್ಕೂ ಲಾಭ. ಕರಾವಳಿಯ ಮಳೆಯನ್ನು ನಾವು ಇಲ್ಲಿಗೆ ತರಲಾರೆವು. ನಮಗೆ ಬಿದ್ದದ್ದನ್ನು ನಿಲ್ಲಿಸಿಕೊಳ್ಳುವದು ನಮ್ಮ ಕೈಯಲ್ಲಿದೆ.

ಪ್ರಶ್ನೆಗಳು.

1. ಘಟ್ಟದ ಆಚೆ ಮಳೆ ಹೆಚ್ಚು, ಈಚೆ ಕಡಿಮೆ, ಯಾಕೆ?
2. ಅಕ್ಕಡಿ ಸಾಲಿನಿಂದ ಆಗುವ ಎರಡು ಪ್ರಯೋಜನಗಳು ಯಾವವು?
3. ನಿಮ್ಮ ಊರಿನ ಕೆರೆಯಲ್ಲಿ ಹೂಳು ತೆಗೆದು ಎಷ್ಟು ವರುಷವಾಯಿತು? ಹಿರಿಯರನ್ನು ಕೇಳಿ ತಿಳಿಯಿರಿ.
4. ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುವದು? ಅದರ ಪರೀಕ್ಷೆಯಾಗಿದೆಯೋ?